ಅರವತ್ತೈದನೇ ನಂಬರಿನ ಸೂಜಿ

1998ರ ನವೆಂಬರ್ 21, ಶನಿವಾರ, ಬೆಳಿಗ್ಗೆ 8 ಗಂಟೆ 10 ನಿಮಿಷ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೀಗ ತೆಗೆದು, ಕಿಟಕಿ ಪಕ್ಕದ ಮೇಜಿನ ಮೇಲೆ ಹಳೇ ಟವೆಲು ಹಾಸಿ, ಚಿಕ್ಕಮ್ಮನ ಮೋಟಾರ್‌ಸೈಕಲ್ಲಿನ ಕಾರ್ಬ್ಯುರೇಟರನ್ನು ಅದರ ಮೇಲಿಟ್ಟೆ. ಹೊಗೆ ತಪಾಸಣಾ ಕೇಂದ್ರ ಮಧ್ಯಾಹ್ನ ಒಂದಕ್ಕೆ ಬಾಗಿಲು ಮುಚ್ಚುತ್ತದೆ. ಬಂಡಿಗೆ ಉಳಿದಿದ್ದು ಒಂದೇ ಅವಕಾಶ, ಅದೂ ಆ ದಿನವೇ. ಸೋಮವಾರ ಒಮ್ಮೆ ಫೇಲಾಗಿತ್ತು, ಗುರುವಾರ ಇನ್ನೊಮ್ಮೆ. ಮೂರನೇ ಸಲವೂ ಫೇಲಾದರೆ ನಂಬರ್ ಪ್ಲೇಟು ಬಿಚ್ಚಿಕೊಂಡು ಬಂಡಿಯನ್ನು ಗುಜರಿಗೆ ಬರೆದುಬಿಡುತ್ತಾರೆ.

ಚಿಕ್ಕಮ್ಮ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಊರಿನ ದರ್ಜಿ ಅಂಗಡಿಗಳೆಲ್ಲ ಅವಳ ಗಿರಾಕಿಗಳು. ಹದಿನೆಂಟು ಕಿಲೋ ತೂಕದ ಸಲಕರಣೆ ಪೆಟ್ಟಿಗೆ ಕೂರಲೆಂದೇ ಬಂಡಿಯ ಎಡಗಡೆ ಕಬ್ಬಿಣದ ಚೌಕಟ್ಟು ಹೊಡೆಸಿದ್ದಾಳೆ. ಬೇರೆ ಯಾವ ಬಂಡಿಗೂ ಅದು ಹೊಂದುವುದಿಲ್ಲ. "ಈ ಪೆಟ್ಟಿಗೆ ಹೊತ್ಕೊಂಡು ಬಸ್ಸಲ್ಲಿ ಮೂರು ಅಂಗಡಿ ಸುತ್ತಿದ್ರೆ, ನಾಲ್ಕನೇದು ಆಸ್ಪತ್ರೇನೇ," ಎನ್ನುತ್ತಾಳೆ. ಮಣಿಕಟ್ಟು ಮುರಿದು ಐದು ತಿಂಗಳು ಮನೆಯಲ್ಲಿ ಕೂತಿದ್ದವಳು ಈಗ ಮತ್ತೆ ಕೆಲಸಕ್ಕೆ ಹೊರಟಿದ್ದಳು. ಬಂಡಿ ಹೊರಡಬೇಕಿತ್ತು, ಅಷ್ಟೇ.

ಆ ಐದು ತಿಂಗಳೂ ಬಂಡಿ ಪೆಟ್ರೋಲು ಇಳಿಸದೆ ನಿಂತಿತ್ತು. ಬುಧವಾರ ನಾನು ಕಾರ್ಬ್ಯುರೇಟರ್ ಬಿಚ್ಚಿದಾಗ ತಳದ ಬಟ್ಟಲಿನ ತುಂಬ ಸುಣ್ಣ ಬಳಿದಂತೆ ಬಿಳಿ ಪುಡಿ. ಹಿತ್ತಾಳೆಯ ಭಾಗಗಳ ಮೇಲೆ ಹಸಿರು ಕಿಲುಬು. ಪೆಟ್ರೋಲಿನ ಮಟ್ಟ ಕಾಯಬೇಕಾದ ಫ್ಲೋಟ್ ಮೇಲೇಳದೆ ಅಂಟಿಕೊಂಡಿತ್ತು. ಸೋಮವಾರದ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 8.1 ಬಂದಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಮಿತಿ 4.5. ನಾನು ಒಂದು ಮಧ್ಯಾಹ್ನವಿಡೀ ಕೂತು ಪ್ರತಿ ರಂಧ್ರವನ್ನೂ ತೊಳೆದೆ, ಫ್ಲೋಟಿನ ಮುಳ್ಳನ್ನು ಬದಲಿಸಿದೆ, ಏನೇನು ತೆಗೆದೆನೋ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಗುರುವಾರ ಎದೆಯುಬ್ಬಿಸಿಕೊಂಡು ಹೋದೆವು. 6.2 ಬಂತು. ಗಾಳಿಯ ಸ್ಕ್ರೂವನ್ನು ಎಷ್ಟು ಬಿಚ್ಚಿದರೂ ಅದಕ್ಕಿಂತ ಕೆಳಗಿಳಿಯಲಿಲ್ಲ.

"ನಮ್ಮ ಪ್ರೊಫೆಸರಮ್ಮ ಚಿನ್ನದ ಹಾಗೆ ಹೊಳೆಯೋ ಥರ ತೊಳೆದಿದ್ದಾಳೆ," ಎಂದರು ಚಿಕ್ಕಪ್ಪ. "ಇನ್ನು ಬಂಡಿ ಓಡಿಸೋದು ಯಾಕೆ? ಷೋಕೇಸಿನಲ್ಲಿ ಇಡಿ."

ನಾನು ಪ್ರೊಫೆಸರಲ್ಲ, ಪ್ರಯೋಗಾಲಯದ ಡೆಮಾನ್‌ಸ್ಟ್ರೇಟರ್. ಚಿಕ್ಕಪ್ಪನಿಗೆ ಅದು ಚೆನ್ನಾಗಿ ಗೊತ್ತು. ಅವರು ಗಡಿಯಾರ ರಿಪೇರಿಯವರು. ಮನೆಯಲ್ಲಿ ಏನು ಕೆಟ್ಟರೂ ಗಡಿಯಾರದ ಸಾಮಾನು ಹಾಕಿಯೇ ಸರಿಮಾಡುತ್ತಾರೆ. ಇಸ್ತ್ರಿಪೆಟ್ಟಿಗೆಯೊಳಗೆ ಅಲಾರಂ ಸ್ಪ್ರಿಂಗು, ಬಾಗಿಲ ಚಿಲಕಕ್ಕೆ ಗೋಡೆ ಗಡಿಯಾರದ ಹಲ್ಲುಚಕ್ರ. ಅದಕ್ಕೇ ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿದ್ದಳು: "ಇದನ್ನ ಮಾತ್ರ ಅವರ ಕೈಗೆ ಕೊಡಬೇಡ. ಗಂಟೆಗೊಂದು ಸಲ ಢಣ್ ಅನ್ನೋ ಹಾಗೆ ಮಾಡಿಬಿಡ್ತಾರೆ."

ಹಾಗಾಗಿ ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ಪ್ರಯೋಗಾಲಯಕ್ಕೆ ಬಂದಿದ್ದೆ. ತೊಳೆಯುವುದರಿಂದ ಆಗದ್ದು ಅಳೆಯುವುದರಿಂದ ಆದೀತೇ ನೋಡಬೇಕಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಸ್ಲೋ ಜೆಟ್ ಎಂಬ ಸಣ್ಣ ಹಿತ್ತಾಳೆ ತುಂಡೊಂದಿದೆ. ಬಂಡಿ ನಿಂತಲ್ಲೇ ಎಂಜಿನ್ ಗುಡುಗುಡು ಎನ್ನುವಾಗ ಪೆಟ್ರೋಲು ಹೋಗುವುದು ಅದರ ನಡುವಿನ ರಂಧ್ರದ ಮೂಲಕ. ಪರೀಕ್ಷೆ ಮಾಡುವುದೂ ಬಂಡಿ ನಿಂತಲ್ಲೇ. ಜೆಟ್ಟಿನ ತಲೆಯ ಮೇಲೆ 60 ಎಂದು ಅಚ್ಚೊತ್ತಿತ್ತು. ಎಂದರೆ ರಂಧ್ರದ ವ್ಯಾಸ 0.60 ಮಿಲಿಮೀಟರ್ ಇರಬೇಕು. ನಮ್ಮ ಸೂಕ್ಷ್ಮದರ್ಶಕ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅಳೆಯುತ್ತದೆ. ಮಸೂರದೊಳಗಿನ ಅಡ್ಡಗೆರೆಯನ್ನು ರಂಧ್ರದ ಒಂದು ಅಂಚಿಗೆ ತಂದು ಓದಿದೆ, ಇನ್ನೊಂದು ಅಂಚಿಗೆ ತಂದು ಓದಿದೆ. ಜೆಟ್ಟನ್ನು ತಿರುಗಿಸಿ ಮತ್ತೆ ಅಳೆದೆ. ಮೂರು ಸಲವೂ ಒಂದೇ ಉತ್ತರ.

0.65.

ಸವೆದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಬೇಕು, ಅಂಚು ಮಸುಕಾಗಬೇಕು. ಇದು ಬಳೆಯ ಹಾಗೆ ದುಂಡಗಿತ್ತು. ಯಾರೋ ಇದನ್ನು ಕೊರೆದು ದೊಡ್ಡದು ಮಾಡಿದ್ದರು. ಕ್ಷೇತ್ರಫಲ ಲೆಕ್ಕ ಹಾಕಿದೆ. ಶೇಕಡ ಹದಿನೇಳರಷ್ಟು ಹೆಚ್ಚು. ಆ ಹೆಚ್ಚಿನ ಪೆಟ್ರೋಲೇ ಪೂರ್ತಿ ಉರಿಯದೆ ಹೊಗೆಯಾಗುತ್ತಿತ್ತು.

ಹತ್ತೂಕಾಲಿಗೆ ಚಿಕ್ಕಮ್ಮನ ಮನೆಯಲ್ಲಿದ್ದೆ. ಅವರ ಮುಂದಿನ ಕೋಣೆಯೇ ಇಬ್ಬರ ಅಂಗಡಿ. ಒಂದು ಗೋಡೆಗೆ ಬಿಚ್ಚಿಟ್ಟ ಹೊಲಿಗೆ ಯಂತ್ರಗಳು, ಎದುರು ಗೋಡೆಗೆ ಒಂದೊಂದು ಸಮಯ ತೋರಿಸುವ ಗಡಿಯಾರಗಳು. ಚಿಕ್ಕಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರವೊಂದರ ಮೇಲೆ ಬಗ್ಗಿದ್ದರು.

"ಚಿಕ್ಕಮ್ಮ, ಈ ಜೆಟ್ ಕಟ್ಟಿಕೊಂಡಾಗ ಏನು ಮಾಡ್ತಿದ್ದೆ?"

"ಇನ್ನೇನು ಮಾಡ್ತಾರೆ? ಸೂಜಿ ಹಾಕಿ ತಿರುಗಿಸ್ತಿದ್ದೆ. ತಿಂಗಳಿಗೊಂದು ಸಲ. ನನ್ನ ಹತ್ರ ಸೂಜಿಗೇನು ಬರ?"

"ಯಾವ ಸೂಜಿ?"

ಅವಳು ಡ್ರಾಯರಿನಿಂದ ಹೊಲಿಗೆ ಯಂತ್ರದ ಸೂಜಿಗಳ ಪೊಟ್ಟಣ ತೆಗೆದು ನನ್ನ ಅಂಗೈಗೆ ಹಾಕಿದಳು. ಪೊಟ್ಟಣದ ಮೇಲೆ 65 ಎಂದಿತ್ತು. ಯಂತ್ರದ ಸೂಜಿಯ ನಂಬರೆಂದರೆ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅದರ ದಪ್ಪ. ನನಗೆ ನಗು ತಡೆಯಲಾಗಲಿಲ್ಲ.

"ಏನೇ ಅದು ಹಲ್ಲು ಕಿಸಿಯೋದು?"

"ನೀನು ಜೆಟ್ಟನ್ನ ಕ್ಲೀನ್ ಮಾಡ್ತಿರಲಿಲ್ಲ ಚಿಕ್ಕಮ್ಮ. ಕೊರೀತಿದ್ದೆ. ಇದು ಉಕ್ಕು, ಅದು ಹಿತ್ತಾಳೆ. ಸೂಜಿಯ ಅಳತೆಗೆ ಸರಿಯಾಗಿ ರಂಧ್ರ ದೊಡ್ಡದಾಗಿದೆ."

"ಸುಮ್ನಿರು. ಹೋದ ವರ್ಷ ಇದೇ ಬಂಡಿ ಪಾಸಾಗಿಲ್ವಾ? 3.4. ಚೀಟಿ ಇದೆ. ಅದರ ಹಿಂದಿನ ವರ್ಷವೂ ಪಾಸು. ಅಷ್ಟಕ್ಕೂ ನಾನು ಸೂಜಿ ಹಾಕಿ ಎಂಟು ವರ್ಷ ಆಯ್ತು. ಆಮೇಲೆ ಒಂದು ದಿನವೂ ಜೆಟ್ ಕಟ್ಟಿಕೊಂಡಿಲ್ಲ. ಅಷ್ಟು ಚೆನ್ನಾಗಿ ಕ್ಲೀನ್ ಮಾಡಿದ್ದೆ!"

ನನ್ನ ನಗು ಅಲ್ಲೇ ನಿಂತಿತು. ಅವಳ ಮಾತು ಸರಿಯಾಗಿತ್ತು. ರಂಧ್ರ ಎಂಟು ವರ್ಷದಿಂದಲೂ 0.65 ಇದ್ದಿದ್ದರೆ, ಹೋದ ವರ್ಷ 3.4 ಬಂದಿದ್ದು ಹೇಗೆ? ಹೋದ ವರ್ಷಕ್ಕೂ ಗುರುವಾರಕ್ಕೂ ನಡುವೆ ಈ ಜೆಟ್ಟಿಗೆ ಆದದ್ದು ಒಂದೇ. ನಾನು ಅದನ್ನು ತೊಳೆದದ್ದು.

ಪುಸ್ತಕ ತೆರೆದೆ. ನನ್ನದೇ ಅಕ್ಷರ: ಬಿಳಿ ಪುಡಿ, ಸೀಸೆ ಒಂದು. ಕಿಲುಬಿನ ಚೂರು, ಸೀಸೆ ಎರಡು. ಸ್ಲೋ ಜೆಟ್ಟಿನಿಂದ, ತಂತಿಯಂಥ ಕಸ, ಉದ್ದ 9 ಮಿ.ಮೀ., ಸೀಸೆ ಮೂರು. ಚೀಲದಿಂದ ಮೂರನೇ ಸೀಸೆ ತೆಗೆದು ಬೆಳಕಿಗೆ ಹಿಡಿದೆ. ಮೂರು ದಿನದ ಹಿಂದೆ ಕಪ್ಪು ಕಸವಾಗಿ ಕಂಡಿದ್ದರ ಒಂದು ತುದಿಯಲ್ಲಿ ಈಗ ಕೊಕ್ಕೆ ಕಾಣಿಸಿತು. ಕಸಕ್ಕೆ ಕೊಕ್ಕೆ ಇರುವುದಿಲ್ಲ.

ಎದುರು ಗೋಡೆಯ ಕಡೆ ಭೂತಗನ್ನಡಿ ಮೇಜಿನ ಮೇಲೆ ಟಕ್ಕೆಂದು ಬಿತ್ತು.

"ಅದನ್ನ ತೆಗೆದುಬಿಟ್ಯಾ?" ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಏನ್ರೀ ಅದು?"

"ಹಿತ್ತಾಳೆ ತಂತಿ. ಗಡಿಯಾರದ ಪಿನ್ ಮಾಡ್ತೀನಲ್ಲ, ಅದೇ."

"ನನ್ನ ಬಂಡಿಗಾ? ನನಗೆ ಹೇಳದೆ?"

"ಹೇಳಿದ್ದಿದ್ರೆ ಹಾಕೋಕೆ ಬಿಡ್ತಿದ್ದೆಯಾ? ಆಗ ಬಂಡಿ ಕರೀ ಹೊಗೆ ಉಗುಳ್ತಿತ್ತು. ನೀನು ಆ ಸೂಜಿ ಹಿಡ್ಕೊಂಡು ಮತ್ತೆ ಮತ್ತೆ ತಿರುವ್ತಿದ್ದೆ. ತಿರುವ್ಬೇಡ ಅಂದ್ರೆ, ನಿಮಗೇನು ಗೊತ್ತು ಗಡಿಯಾರದ ಮುಳ್ಳು ತಿರುಗ್ಸೋರಿಗೆ, ಅಂತ ನೀನು ಅಂದೆ. ನಾನು ಬಾಯಿಗೆ ಬೀಗ ಹಾಕ್ಕೊಂಡೆ. ನೀನು ತವರಿಗೆ ಹೋದಾಗ ಜೆಟ್ ಬಿಚ್ಚಿ, ಕೊಕ್ಕೆ ಅಂಚಿಗೆ ಸಿಕ್ಕೋ ಹಾಗೆ ತಂತಿ ಇಳಿಬಿಟ್ಟೆ. ರಂಧ್ರ ಸಣ್ಣದಾಯ್ತು. ಎಂಜಿನ್ ಅದುರಿದಾಗ ತಂತಿಯೂ ಅಲ್ಲಾಡುತ್ತೆ, ಕಸ ಕೂರೋದಿಲ್ಲ."

"ಹಾಗಾದ್ರೆ ಎಂಟು ವರ್ಷ ಜೆಟ್ ಕಟ್ಟಿಕೊಳ್ಳದೇ ಇದ್ದಿದ್ದು..."

"ನಿನ್ನ ಸೂಜಿಯಿಂದ ಅಲ್ಲ ಕಣೇ."

ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಅವಳು ಹಾಗೆ ಬಾಯಿ ಮುಚ್ಚಿದ್ದನ್ನು ಅಂದೇ ಮೊದಲು ನೋಡಿದ್ದಾಗಿ ಚಿಕ್ಕಪ್ಪ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

"ಯಾವ ದಪ್ಪದ ತಂತಿ ಅಂತ ಹೇಗೆ ಗೊತ್ತಾಯ್ತು ಚಿಕ್ಕಪ್ಪ? ಲೆಕ್ಕ ಹಾಕಿದ್ರಾ?"

"ಲೆಕ್ಕ ಎಂಥದ್ದು? ಕಿವಿ ಇಲ್ವಾ? ನಾಲ್ಕು ತಂತಿ ಹಾಕಿ ನೋಡಿದೆ. ಎಂಜಿನ್ ಒಳ್ಳೇ ಗಡಿಯಾರದ ಹಾಗೆ ಬಡಿಯೋಕೆ ಶುರುವಾದಾಗ ಬಿಟ್ಟೆ."

ಅವರ ಮೈಕ್ರೋಮೀಟರನ್ನೇ ಕೇಳಿ ತೆಗೆದುಕೊಂಡು ತಂತಿಯನ್ನು ಅಳೆದೆ. 0.25. ಪುಸ್ತಕದ ಅಂಚಿನಲ್ಲಿ ಲೆಕ್ಕ ಹಾಕಿದೆ. ರಂಧ್ರದ ವರ್ಗದಿಂದ ತಂತಿಯ ವರ್ಗವನ್ನು ಕಳೆಯಬೇಕು. ಐದರಿಂದ ಭಾಗಿಸಿದರೆ ಅರವತ್ತೈದು ಹದಿಮೂರಾಗುತ್ತದೆ, ಇಪ್ಪತ್ತೈದು ಐದಾಗುತ್ತದೆ. ಹದಿಮೂರರ ವರ್ಗ ನೂರ ಅರವತ್ತೊಂಬತ್ತರಲ್ಲಿ ಐದರ ವರ್ಗ ಇಪ್ಪತ್ತೈದು ಕಳೆದರೆ ನೂರ ನಲವತ್ತನಾಲ್ಕು. ಅದರ ವರ್ಗಮೂಲ ಹನ್ನೆರಡು. ಹನ್ನೆರಡೈದಲೆ ಅರವತ್ತು. ತಂತಿಯ ಸುತ್ತ ಘರ್ಷಣೆ ತುಸು ಹೆಚ್ಚಿದ್ದೀತು, ಅದನ್ನು ಬಿಟ್ಟರೆ ಉಳಿಯುವ ದಾರಿ 0.60ರ ರಂಧ್ರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ. ಜೆಟ್ಟಿನ ತಲೆಯ ಮೇಲಿನ ಸಂಖ್ಯೆಯನ್ನು ಚಿಕ್ಕಪ್ಪ ಕಿವಿಯಿಂದ ಕಂಡುಹಿಡಿದಿದ್ದರು.

ಲೆಕ್ಕ ತೋರಿಸಿದೆ. ಚಿಕ್ಕಪ್ಪ ಭೂತಗನ್ನಡಿ ಹಾಕಿಕೊಂಡು ಓದಿ, "ನಿನ್ನ ಲೆಕ್ಕ ಸರಿಯಾಗಿದೆ ಪ್ರೊಫೆಸರಮ್ಮ," ಎಂದು ನನಗೇ ಅಂಕ ಕೊಟ್ಟರು.

ಹನ್ನೊಂದೂವರೆಗೆ ಚಿಕ್ಕಪ್ಪನೇ ಚಿಮಟದಿಂದ ತಂತಿಯನ್ನು ಜೆಟ್ಟಿನೊಳಗೆ ಇಳಿಬಿಟ್ಟರು. ನಾನು ಕಾರ್ಬ್ಯುರೇಟರ್ ಜೋಡಿಸಿದೆ. ಚಿಕ್ಕಮ್ಮ ಎರಡನೇ ಒದೆತಕ್ಕೆ ಎಂಜಿನ್ ಎಬ್ಬಿಸಿದಳು. ಅವಳು ತಲೆ ವಾರೆ ಮಾಡಿ ಕೇಳಿದಳು. "ಹೌದು ಕಣ್ರೀ," ಎಂದಳು ಮೆಲ್ಲಗೆ. "ಇದೇ ನನ್ನ ಬಂಡಿ." ಚಿಕ್ಕಪ್ಪ ಬಾಗಿಲಿಗೆ 'ಈಗ ಬರುತ್ತೇನೆ' ಫಲಕ ನೇತುಹಾಕಿ, ಯಾರೂ ಕರೆಯದಿದ್ದರೂ ಹಿಂದಿನ ಸೀಟೇರಿದರು. ನಾನು ಸೈಕಲ್ಲಿನಲ್ಲಿ ಹಿಂಬಾಲಿಸಿದೆ. ಕೇಂದ್ರದಲ್ಲಿ ಎಂಜಿನ್ ಆರಿಸಿ ಅರ್ಧ ಗಂಟೆ ಸರದಿಯಲ್ಲಿ ನಿಂತೆವು.

ತಪಾಸಣೆಯವನು ನಮ್ಮನ್ನು ನೋಡಿ ಗಡಿಯಾರ ನೋಡಿದ. ಹನ್ನೆರಡು ಮೂವತ್ತೈದು.

"ಮತ್ತೆ ಬಂದ್ರಾ ಅಮ್ಮಾ? ನಂಬರ್ ಪ್ಲೇಟ್ ಬಿಚ್ಚೋಕೆ ಸ್ಕ್ರೂಡ್ರೈವರ್ ರೆಡಿ ಇಟ್ಟಿದ್ದೀನಿ."

"ಕೊಡಪ್ಪ ಇಲ್ಲಿ. ನಿನ್ನ ಯಂತ್ರದ ಮುಚ್ಚಳ ಗಡಗಡ ಅಂತಿದೆ, ಬಿಗಿ ಮಾಡ್ತೀನಿ."

ಅವನು ನಗುತ್ತಲೇ ಕೊಳವೆಯನ್ನು ಸೈಲೆನ್ಸರಿನೊಳಗೆ ತೂರಿಸಿದ. ಎರಡು ನಿಮಿಷ ಕಾಯಬೇಕು. ಕೆಂಪು ಅಂಕಿಗಳು ಏರತೊಡಗಿದವು. 2.0, 3.6, 4.4. ಚಿಕ್ಕಮ್ಮ ನನ್ನ ರಟ್ಟೆ ಹಿಡಿದಳು. 4.7. ತಪಾಸಣೆಯವನ ಕೈ ಸ್ಕ್ರೂಡ್ರೈವರಿನ ಕಡೆ ಹೋಯಿತು. ಚಿಕ್ಕಪ್ಪ ಮಾತ್ರ ಅಂಕಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಎಂಜಿನ್ ಕೇಳುತ್ತಿದ್ದರು.

"ತಣ್ಣಗಾಗಿದೆ," ಎಂದರು. "ಬಿಸಿಯಾಗ್ಲಿ ತಾಳಿ."

4.7 ಅಲ್ಲೇ ನಡುಗಿ 4.5 ಆಯಿತು. ಆಮೇಲೆ 4.1. ಚಿಕ್ಕಮ್ಮನ ಉಗುರು ನನ್ನ ತೋಳಿಗೆ ಒತ್ತಿತು. 3.7. 3.3. ತಪಾಸಣೆಯವನು ಸ್ಕ್ರೂಡ್ರೈವರ್ ಕೆಳಗಿಟ್ಟು ಪೆನ್ನು ಹುಡುಕಿದ. ಚಿಕ್ಕಮ್ಮ ನನ್ನ ತೋಳು ಬಿಟ್ಟು ಚಿಕ್ಕಪ್ಪನ ಬೆನ್ನಿಗೆ ಒಂದು ಗುದ್ದಿದಳು. ಅವರು ಕಣ್ಣು ತೆರೆಯದೆ ನಕ್ಕರು. ಎರಡು ನಿಮಿಷ ಮುಗಿದ ಗಂಟೆ ಬಾರಿಸಿತು. ಚೀಟಿಯ ಮೇಲೆ ಅವನು ಮೊದಲು 'ಪಾಸ್' ಎಂದು ಬರೆದು, ಅದರ ಕೆಳಗೆ ಅಂಕಿ ಬರೆದ.

ಕಾರ್ಬನ್ ಮಾನಾಕ್ಸೈಡ್, ಶೇಕಡ 3.1.