ಎಲ್ಲರೂ ಒಮ್ಮೆಗೇ ಒತ್ತಿರಿ

ಕೇಸರಿಬಾಯಿಯ ಬೆರಳು, ಒಡೆದ ಉಗುರು, ದಪ್ಪ ಬೆಳ್ಳಿಯುಂಗುರ, ಎಂಟರ್ ಕೀಲಿಯ ಮೇಲೆ ಒಂದು ನೂಲಿನಷ್ಟು ಎತ್ತರದಲ್ಲಿ ನಿಂತದ್ದು ನಿಂತೇ ಇತ್ತಲ್ಲ — ಅದು ಈಗ ಯಾಕೆ ನೆನಪಾಗಬೇಕು, ಟೆಸ್ಟು ಮುಗಿಯಿತು, ಕ್ಲಾಸಿನ ಎಲ್ಲ ಕಂಪ್ಯೂಟರಿನಲ್ಲೂ ಪುಟ ತೆರೆಯಿತು, ಚಪ್ಪಾಳೆ ತಟ್ಟಿದವರು ಈಗ ಚಹಾ ಊದಿ ಊದಿ ಕುಡಿಯುತ್ತಿದ್ದಾರೆ, ಚನಬಸಪ್ಪ ಸರ್ ಆಚೆ ಕಟ್ಟೆಯ ಮೇಲೆ ನಿಂತು ಶಾಲಾ ಒಕ್ಕೂಟದ ಅಧ್ಯಕ್ಷರಿಗೆ ಮೊಬೈಲಿನಲ್ಲಿ ಹೇಳುತ್ತಿದ್ದಾರೆ, ವೆಬ್‌ಸೈಟು ಪಾಸಾತ್ರಿ ಸಾಹೇಬ್ರ, ನಮ್ಮ ಅಂಬೇವಾಡಿ ಹುಡುಗಿ ಮಾಡಿದ್ದು, ಇನ್ನ ಹುಬ್ಬಳ್ಳಿ ಕಂಪನಿಯವರ ಹಂಗ್ಯಾಕ — ಇಶ್ರತಳಿಗೆ ಖುಷಿಯಾಗಬೇಕು, ಆಗುತ್ತಲೂ ಇದೆ, ಆದರೆ ಚಹಾದ ಕೆನೆಯ ಹಾಗೆ ಆ ಬೆರಳು ಮತ್ತೆ ಮತ್ತೆ ಮೇಲೆ ಬರುತ್ತದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಸ್ಕಾಲರ್‌ಶಿಪ್ ಪರೀಕ್ಷೆಯ ರಿಸಲ್ಟು, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆಯ ಮಕ್ಕಳು ಬರೆದದ್ದು, ಹತ್ತು ಹೊಡೆಯುವುದಕ್ಕೇ ಕಾದು ಎಲ್ಲರೂ ಒಮ್ಮೆಗೇ ಅವಳ ವೆಬ್‌ಸೈಟಿನ ಮೇಲೆ ಬೀಳುತ್ತಾರೆ, ಅದಕ್ಕೇ ಇದೆಲ್ಲ, ಲೋಡ್ ಟೆಸ್ಟ್ ಅಂತ ನೆಟ್ಟಿನಲ್ಲಿ ಓದಿ ಓದಿ ತಾನೇ ಕಲಿತದ್ದು, ಓದಿದ ಮೇಲೆ ತನ್ನ ಮಾತಿನಲ್ಲಿ ಅಬ್ಬಾನಿಗೆ ಹೇಳಿದ್ದು, ನಾಳೆ ಬರೋ ಮಂದೀನ ಇವತ್ತ ಕರದು ಬಾಗಿಲಾ ಬಡಸೂದು ಅಬ್ಬಾ, ಮುರಿಯೂದಿದ್ರ ಇವತ್ತ ಮುರೀಲಿ. ಸುಳ್ಳು ಮಂದಿಯನ್ನು ಹುಟ್ಟಿಸಿ ಬಾಗಿಲು ಬಡಿಸುವ ಸಾಫ್ಟ್‌ವೇರೂ ಇದೆಯಂತೆ, ಇಳಿಸಿಕೊಳ್ಳಲು ಕೂತರೆ ಅರ್ಧಕ್ಕೇ ಲೈನು ಹೋಗುತ್ತದೆ, ಹೋಗಲಿ, ನಿಜವಾದ ಮಂದಿಗೆ ಅಂಬೇವಾಡಿಯಲ್ಲೇನು ಬರವೇ — ಅವಳ ಕಂಪ್ಯೂಟರ್ ಕ್ಲಾಸಿನ ಹುಡುಗಿಯರು, ಮಿಲ್ಲಿನಿಂದ ರಿಟೈರಾದ ಅಬ್ಬಾ ಇಮಾಮಸಾಬ, ಸರ್, ಮತ್ತೆ ಕಡೆಯ ಕುರ್ಚಿಗೆ ಮುಂಡಗೋಡ ಕಡೆಯ ಪಾಳಾದಿಂದ ಬಂದ ಕೇಸರಿಬಾಯಿ. ಮಗಳು ಕಾಜಲ್ ಪರೀಕ್ಷೆ ಬರೆದಿದ್ದಾಳೆ, ರಿಸಲ್ಟು ನಾಳೆ ಅಂದರೂ ಒಂದು ದಿನ ಮೊದಲೇ ಬಂದು ಅಣ್ಣನ ಮನೆಯಲ್ಲಿ ಇಳಿದಿದ್ದಾಳೆ, ಬಸ್ಸಿದ್ದಾಂಗ ಅಲ್ಲೇನ್ರಿ ಟೀಚರ, ಲಗೂನ ಬಂದು ಹೋಗಿಬಿಟ್ರ ಏನ್ಮಾಡೂದು.

ಮೊದಲು ಇಶ್ರತ ಒಬ್ಬಳೇ ಒತ್ತಿದಳು, ಆಮೇಲೆ ಮೂರು ನಾಲ್ಕು ಜನ, ಆಮೇಲೆ ಎಲ್ಲರೂ, ಹಾಗೇ ಮಾಡಬೇಕಂತೆ, ಭಾರ ಮೆಲ್ಲಗೆ ಏರಿಸಬೇಕಂತೆ, ಏರಿಸಿದಳಲ್ಲ, ಒಂದು, ಎರಡು, ಮೂರು ಅಂದಳಲ್ಲ — ಮೂರು ಅಂದಾಗ ಏನಾಯಿತು, ಅಬ್ಬಾ ಪಕ್ಕಕ್ಕೆ ತಿರುಗಿದರು, ನೀವ ಒತ್ರಿ ಸರ್, ಸರ್ ಕೈ ಹಿಂದೆ ತೆಗೆದರು, ಏ ಇಲ್ರಿ ಇಮಾಮಸಾಬ, ಹಿರೇರು ನೀವ, ನಿಮ್ಮ ಕೈಲೆ ಆಗ್ಲಿ, ಅಬ್ಬಾ ಬಿಸ್ಮಿಲ್ಲಾ ಅಂದು ಒತ್ತಿದರು, ಸರ್ ಒತ್ತಿದರು, ದೊಡ್ಡ ಹುಡುಗಿಯರು, ಸಣ್ಣವರು, ಅವರೆಲ್ಲರದೂ ಆಗಲಿ ಅಂತ ಕಡೆಗೆ ಕೇಸರಿಬಾಯಿ, ಪಂಕ್ತಿಯಲ್ಲಿ ಹಿರಿಯರು ತುತ್ತೆತ್ತುವ ತನಕ ಎಲೆ ಮುಟ್ಟದವರ ಹಾಗೆ — ಆ ಬೆರಳು ಕಾಯುತ್ತಿತ್ತು. ಕಾಯುತ್ತಿತ್ತು. ಅಂದರೆ ಬಾಗಿಲನ್ನು ಯಾರೂ ಬಡಿದೇ ಇಲ್ಲ, ಚಪ್ಪಲಿ ಕಳೆದು, ತಲೆ ಬಗ್ಗಿಸಿ, ಒಬ್ಬೊಬ್ಬರೇ ಒಳಗೆ ಬಂದಿದ್ದಾರೆ, ಯಾವ ಬಾಗಿಲು ಮುರಿದೀತು. ನಾಳೆ ಹಳಿಯಾಳದ ಸೈಬರ್ ಕೆಫೆಯಲ್ಲಿ ಕೂತವರು ಮುಂಡಗೋಡದ ಹಿರಿಯರನ್ನು ಕಾಯುತ್ತಾರೇನು. ಬಿದ್ದರೆ ಬಿಳಿ ಪುಟ, ಬಿಳಿ ಪುಟ ನೋಡಿದ ಕೇಸರಿಬಾಯಿ ವೆಬ್‌ಸೈಟು ಬಿತ್ತು ಅನ್ನುವುದಿಲ್ಲ, ಕಾಜಲ್ ಬಿದ್ದಳು ಅನ್ನುತ್ತಾಳೆ, ಊರಿನವರು ಇಶ್ರತ ಬಿದ್ದಳು ಅನ್ನುತ್ತಾರೆ, ಹುಬ್ಬಳ್ಳಿಯವರಿಗೇ ಕೊಡಬೇಕಿತ್ತು ಅನ್ನುತ್ತಾರೆ. ಸುಮ್ಮನಿದ್ದರೆ ಇವತ್ತಿನ ಮಟ್ಟಿಗೆ ಪಾಸು, ಚಹಾ ಇದೆ, ಚಪ್ಪಾಳೆ ಇದೆ — ಕಾಲುಗಳು ಆಗಲೇ ಕಟ್ಟೆಯ ಕಡೆ ನಡೆದಿವೆ, ಬಾಯಿ ಆಗಲೇ ಹೇಳಿದೆ, ಸರ್, ಪಾಸಾಗಿಲ್ರಿ. ಸರ್ ಫೋನನ್ನು ನೋಡಿದರು, ಅವಳನ್ನು ನೋಡಿದರು, ಹೇಳಿಬಿಟ್ನೆಲ್ಲ ತಂಗಿ. ತಿರಗಿ ಹೇಳ್ರಿ ಸರ್, ನಾಳೆ ಎಲ್ಲಾರ ಮುಂದ ಬೀಳೂದಕ್ಕಿಂತ ಇವತ್ತ ನಮ್ಮ ಮುಂದ ಬೀಳ್ಲಿ.

ಮಿಲ್ಲಿನ ಭೋಂಗಾ, ಪಾಳಿ ಬಿಡುವ ಸೈರನ್ನು, ಆಗುವ ಹೊತ್ತು, ಹೌದು, ಅದೇ ಸರಿ, ಭೋಂಗಾಕ್ಕೆ ಹಿರಿಯರಿಲ್ಲ ಕಿರಿಯರಿಲ್ಲ, ಎಲ್ಲಾರೂ ಕಣ್ಣ ಮುಚ್ಚರಿ, ಯಾರೂ ಯಾರ್ನೂ ನೋಡಬ್ಯಾಡ್ರಿ, ಭೋಂಗಾ ಆತಂದ್ರ ಒತ್ತೂದ, ಅಬ್ಬಾ ನಗುತ್ತಾರೆ, ಭೋಂಗಾಕ್ಕ ನಾ ಎಂದ ತಡಾ ಮಾಡೇನಿ ಬೇಟಿ, ಆಗುತ್ತದೆ ಭೋಂಗಾ, ಊರ ಮೇಲಿಂದ, ನದಿಯ ಮೇಲಿಂದ, ತಗಡಿನ ಮೇಲೆ ಆಣೆಕಲ್ಲು ಬಿದ್ದಂತೆ ಎಲ್ಲ ಕೀಲಿಗಳೂ ಒಂದೇ ಏಟಿಗೆ, ಎಲ್ಲ ಪರದೆಗಳೂ ಬಿಳಿ, ಎರಡೇ ಎರಡು ತೆರೆದವು, ಉಳಿದವು ಬಿಳಿ — ಬಿತ್ತು, ಎಷ್ಟು ಚಂದ ಬಿತ್ತು, ಕೆಳಗೊಂದು ಕೆಂಪು ಸಾಲು, ಭೇಟಿಗಾರರ ಲೆಕ್ಕದ ಫೈಲು ಬೇರೆಯವರ ಕೈಯಲ್ಲಿದೆ ಅಂತ. ನೀವು ಇಷ್ಟನೆಯ ಭೇಟಿಗಾರರು ಅಂತ ಪುಟದ ಬುಡದಲ್ಲಿ ಓಡುವ ಅಂಕಿ, ಸರ್ ಹಟ ಹಿಡಿದು ಹಾಕಿಸಿದ್ದು, ಬಂದವರೆಲ್ಲ ಒಂದೇ ಫೈಲಿನಲ್ಲಿ ಬರೆಯಬೇಕು, ಒಬ್ಬರು ಬರೆಯುವಾಗ ಉಳಿದವರು ಹೊರಗೆ. ತಗಿ ತಗಿ, ಅಂದರು ಸರ್, ಮಂದಿ ಬಂದ್ರ ಸಾಕವಾ, ಎಣಸೂದು ಯಾಕ. ತೆಗೆದಾಯಿತು, ಪುಟವನ್ನು ಮತ್ತೆ ನೆಟ್ಟಿಗೆ ಏರಿಸಿದ್ದಾಯಿತು, ಈಗ ಮತ್ತೆ ಒತ್ತಬೇಕು, ಎಲ್ಲರೂ ಬೇಕು, ಒಬ್ಬರೂ ಕಡಿಮೆಯಾಗುವಂತಿಲ್ಲ, ಇನ್ನೊಂದು ಭೋಂಗಾಕ್ಕೆ ಕಾಯಲು ಹೊತ್ತಿಲ್ಲ, ಬಾಯಿಂದಲೇ ಊದುತ್ತೇನೆ ಅಂದಿದ್ದಾರೆ ಅಬ್ಬಾ — ಆದರೆ ಕೇಸರಿಬಾಯಿ ಬಿಳಿ ಪರದೆಯಿಂದ ಕಣ್ಣು ಕೀಳುವುದಿಲ್ಲ, ನಾ ಒತ್ತಿದ್ದಕ್ಕ ಕೆಟ್ತೇನ್ರಿ ಟೀಚರ, ನಮ್ಮ ಕಾಜಲಂದು ಅದರಾಗ ಇತ್ತಲ್ರಿ. ಇಲ್ಲಕ್ಕಾ, ಏನೂ ಹೋಗಿಲ್ಲ, ನೀವು ಒತ್ತಿದ್ದ ಖರೇ ಒತ್ತಿದ್ದು, ಹಂಗ ಇನ್ನೊಮ್ಮೆ ಒತ್ರಿ. ಹುಡುಗಿಯರು ಕಣ್ಣು ಮುಚ್ಚಿದರು, ಸರ್ ಮುಚ್ಚಿದರು, ಅಬ್ಬಾ ಎದೆ ತುಂಬ ಉಸಿರೆಳೆದುಕೊಂಡರು, ಕೇಸರಿಬಾಯಿಯೂ ಮುಚ್ಚಿದಳು, ತೆರೆದದ್ದು ಇಶ್ರತಳ ಕಣ್ಣಷ್ಟೇ, ಅವಳು ನೋಡುತ್ತಿರುವುದು ಒಂದನ್ನೇ, ಒಡೆದ ಉಗುರು, ಬೆಳ್ಳಿಯುಂಗುರ, ಕೀಲಿಯ ಮೇಲೆ ಒಂದು ನೂಲಿನಷ್ಟು ಎತ್ತರದಲ್ಲಿ, ಈ ಸಲ ಯಾರನ್ನೂ ಕಾಯಬಾರದು, ಆ ಬೆರಳು —