ಇಸ್ತ್ರಿ ಅಂಗಡಿ ಅಕ್ಕನ ಐದನೇ ಕೀಮೋ

ನಮ್ಮ ಬೀದಿಯ ಇಸ್ತ್ರಿ ಅಂಗಡಿ ಅಕ್ಕನ ಕೈಗೆ ಕೊಟ್ಟ ಅಂಗಿಯಲ್ಲಿ ಒಂದು ಸುಕ್ಕು ಉಳಿದದ್ದನ್ನು ಯಾರೂ ಕಂಡಿಲ್ಲ. ಅಂಥವಳು ಒಂದು ದಿನ ಮೇಷ್ಟರ ಬಿಳಿ ಅಂಗಿಯ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತೇಬಿಟ್ಟಳು. ಸುಟ್ಟ ವಾಸನೆಗೆ ಗಂಡ ಓಡಿಬಂದ.

"ಎಲ್ಲಿತ್ತೇ ನಿನ್ನ ಗಮನ?"

"ಮುಂದಿನ ಗುರುವಾರದ ಮೇಲೆ ರೀ."

ಆ ಗುರುವಾರ ಅವಳಿಗೆ ಐದನೇ ಕೀಮೋ. ಸ್ತನ ಕ್ಯಾನ್ಸರ್‌ಗೆ ನಾಲ್ಕು ಮುಗಿದಿತ್ತು, ಇನ್ನೆರಡು ಬಾಕಿ. ಗಡ್ಡೆ ಕುಗ್ಗುತ್ತಿದೆ ಎಂದು ಡಾಕ್ಟರೇ ಹೇಳಿದ್ದರು. ಆದರೂ ಆಸ್ಪತ್ರೆ ನೆನಪಾದರೆ ಸಾಕು, ಅವಳಿಗೆ ಎದೆ ಡವಗುಟ್ಟಿ ವಾಂತಿ ಬರುತ್ತಿತ್ತು.

"ನಾನಿನ್ನು ಹೋಗಲ್ಲ. ಆಗಿದ್ದಾಗ್ಲಿ."

"ಹಾಗನ್ಬೇಡ, ಧೈರ್ಯವಾಗಿರು," ಎಂದು ಗಂಡ ರೇಡಿಯೋ ಸದ್ದು ಜೋರು ಮಾಡಿದ. ಅವಳ ಕಣ್ಣು ತುಂಬಿದಾಗಲೆಲ್ಲ ಅವನು ಮಾಡುತ್ತಿದ್ದುದು ಅದೊಂದೇ. ಒಳ್ಳೆಯವನೇ, ಪಾಪ, ಬೇರೇನೂ ತೋಚುತ್ತಿರಲಿಲ್ಲ.

ಬರುವುದಿಲ್ಲ ಎಂದು ಹೇಳಲು ಅಕ್ಕ ಆಸ್ಪತ್ರೆಯ ಸಿಸ್ಟರ್‌ಗೆ ಫೋನ್ ಮಾಡಿದಳು. ವಾಂತಿ, ಭಯ ಎಲ್ಲ ಕೇಳಿಸಿಕೊಂಡ ಸಿಸ್ಟರ್ ಗದರಲಿಲ್ಲ.

"ವಾಂತಿ ವಿಷಯ ಡಾಕ್ಟರಿಗೆ ಹೇಳ್ತೀನಿ, ಅದಕ್ಕೆ ಮಾತ್ರೆ ಕೊಡ್ತಾರೆ. ಭಯಕ್ಕೂ ಒಂದು ದಾರಿ ಇದೆ. ನಾಳೆ ಇಬ್ಬರೂ ಬನ್ನಿ. ಸೂಜಿ ಚುಚ್ಚಲ್ಲ, ಮಾತು ಕೊಡ್ತೀನಿ."

ಮರುದಿನ ಹೋದರೆ, ಒಂದು ಪುಟ್ಟ ಕೋಣೆ, ಎಂಟು ಕುರ್ಚಿ. ಕೆಲವು ರೋಗಿಗಳು ಆಗಲೇ ಕಣ್ಣು ಮುಚ್ಚಿ ಕೂತಿದ್ದರು. ಗಂಡ ಬಾಗಿಲಲ್ಲೇ ನಿಂತು ಮೂಗು ಮುರಿದ.

"ಅಲ್ಲ ಸಿಸ್ಟರ್, ಕಣ್ಣು ಮುಚ್ಚಿ ಕೂತ್ರೆ ಗಡ್ಡೆ ಕರಗುತ್ತಾ?"

"ಖಂಡಿತ ಕರಗಲ್ಲ ಅಣ್ಣಾ. ಗಡ್ಡೆಗೆ ಔಷಧೀನೇ ಬೇಕು. ಇದು ಮನಸ್ಸಿಗೆ. ಮೈಂಡ್‌ಫುಲ್‌ನೆಸ್ ಅಂತಾರೆ. ಗುರುವಾರದ ಕಡೆ ಓಡೋ ಮನಸ್ಸನ್ನ ಈ ಗಳಿಗೆಗೆ ಕರ್ಕೊಂಡು ಬರೋ ಅಭ್ಯಾಸ. ನೀವೂ ಕೂತ್ಕೊಳ್ಳಿ."

"ನನಗೇನಾಗಿದೆ? ನಾನು ಗಟ್ಟಿ ಇದೀನಿ."

"ಗಟ್ಟಿ ಇರೋರಿಗೂ ಕುರ್ಚಿ ಇದೆ."

ಗೊಣಗುತ್ತಲೇ ಕೂತ. ಸಿಸ್ಟರ್ ನಿಧಾನವಾಗಿ ಹೇಳಿದಳು: "ಪಾದ ನೆಲಕ್ಕೆ ತಾಗಿರೋದು ಗೊತ್ತಾಗ್ತಿದೆಯಾ? ಉಸಿರು ಬರಲಿ, ಹೋಗಲಿ. ಮನಸ್ಸು ಓಡಿದ್ರೆ ಬೈಕೋಬೇಡಿ, ಮತ್ತೆ ಉಸಿರಿಗೆ ಕರ್ಕೊಂಡು ಬನ್ನಿ. ಭಯ ಬಂದ್ರೆ ಅಟ್ಟಬೇಡಿ. ಭಯ ಬಂದಿದೆ ಅಂತ ಗಮನಿಸಿ, ಸಾಕು. ಕಣ್ಣು ಮುಚ್ಚಿ ಕಸಿವಿಸಿ ಆದ್ರೆ ತೆರೆದೇ ಕೂತ್ಕೊಳ್ಳಿ."

ಎರಡು ನಿಮಿಷ ಕಳೆದಿರಬೇಕು. ಯಾರೋ ಬಿಕ್ಕಿದ ಸದ್ದು. ಅಕ್ಕ ಕಣ್ಣು ತೆರೆದು ನೋಡಿದರೆ, ಅಳುತ್ತಿದ್ದವನು ಅವಳ ಗಂಡ!

"ನನಗೂ ಭಯ ಕಣೇ," ಎಂದ. "ನೀನಿಲ್ದೆ ಹೋದ್ರೆ ಏನ್ ಮಾಡ್ಲಿ ಅಂತ ದಿನಾ ಭಯ. ಹೇಳಿದ್ರೆ ನೀನು ಕುಗ್ತೀಯ ಅಂತ ರೇಡಿಯೋ ಹಾಕ್ತಿದ್ದೆ."

"ಎಂಥಾ ಮನುಷ್ಯರು ರೀ ನೀವು! ಮೂರು ತಿಂಗಳಿಂದ ನಾನೊಬ್ಬಳೇ ಹೆದರ್ತಿದೀನಿ ಅನ್ಕೊಂಡಿದ್ನಲ್ಲ!"

ಅಕ್ಕನಿಗೆ ಅಳುವೂ ಬಂತು, ನಗುವೂ ಬಂತು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

ಅಂದಿನಿಂದ ದಿನವೂ ಅಂಗಡಿ ತೆರೆಯುವ ಮುಂಚೆ ಇಬ್ಬರೂ ಹತ್ತು ನಿಮಿಷ ಕೂರತೊಡಗಿದರು. ಕೆಲವು ದಿನ ಮನಸ್ಸು ನಿಲ್ಲಲೇ ಇಲ್ಲ. ಆದರೂ ಕೂತರು. ಡಾಕ್ಟರು ಬರೆದ ಮಾತ್ರೆಯನ್ನೂ ಅವಳು ತಪ್ಪಿಸಲಿಲ್ಲ.

ಗುರುವಾರ ಬಂತು. ಸೂಜಿ ಹಿಡಿದ ಸಿಸ್ಟರ್ ಕೇಳಿದಳು, "ಭಯ ಹೋಯ್ತಾ ಅಕ್ಕಾ?"

"ಎಲ್ಲಿಗೆ ಹೋಗುತ್ತೆ? ಪಕ್ಕದಲ್ಲೇ ಕೂತಿದೆ. ಕೂತಿರಲಿ, ನೀವು ಚುಚ್ಚಿ," ಎಂದು ಅಕ್ಕ ಕೈ ಚಾಚಿದಳು.

ನಿಮ್ಮ ಮನೆಯಲ್ಲೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದಾರೆಯೇ? ಹಾಗಾದರೆ ಔಷಧಿ ನಿಲ್ಲಲು ಬಿಡಬೇಡಿ. ಮನಸ್ಸಿನ ನೋವಿಗೆ ಏನು ನೆರವಿದೆ ಎಂದು ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇವತ್ತಿನಿಂದ ಬರೀ "ಧೈರ್ಯವಾಗಿರು" ಅನ್ನಬೇಡಿ. ಅವರ ಪಕ್ಕ ಕೂತು, "ಭಯ ಆಗ್ತಿದೆಯಾ?" ಎಂದು ಕೇಳಿ. ನಿಮಗೂ ಆಗುತ್ತಿದ್ದರೆ ಅದನ್ನೂ ಹೇಳಿಬಿಡಿ.