ಸವತಿ ಬಿಲ್ಲೆ

ಮೂಗು ಮತ್ತೆ ತಪ್ಪಿತು. ಮೂಕಯ್ಯ ರಬ್ಬರು ತೆಗೆದುಕೊಂಡು ಉಜ್ಜಿದ. ಬೆಳಗಿನಿಂದ ಉಜ್ಜಿ ಉಜ್ಜಿ ಕಾಗದ ಅಲ್ಲಿ ತೆಳ್ಳಗಾಗಿ ನಾರು ಎದ್ದಿತ್ತು. ಇನ್ನೊಂದು ಸಲ ಉಜ್ಜಿದರೆ ಮೂಗಿನ ಜಾಗದಲ್ಲಿ ತೂತು.

ಕಂಬಂ ಊರಿನ ನಾಲೆ ಕಚೇರಿಯಲ್ಲಿ ನಕಾಶೆ ಬರೆಯುವವರು ನಾಲ್ವರು. ಅವರಲ್ಲಿ ಅಳತೆಪಟ್ಟಿ ಇಲ್ಲದೆ ನೇರ ಗೆರೆ ಎಳೆಯಬಲ್ಲವನು ಇವನೊಬ್ಬನೇ. ಬೆಟ್ಟ ಕೊರೆದು ಈಚೆಗೆ ಇಳಿಸುವ ನೀರು ಕಣಿವೆಯಲ್ಲಿ ಎಲ್ಲೆಲ್ಲಿ ಹರಿಯಬೇಕು, ಯಾವ ಹೊಲದ ಬದುವಿನಲ್ಲಿ ತಿರುಗಬೇಕು, ಯಾವ ಹುಣಿಸೆಮರ ಬೀಳಬೇಕು, ಎಲ್ಲ ಅವನ ಕೈಯಲ್ಲಿತ್ತು. ನೀರು ಇನ್ನೂ ಬಂದಿರಲಿಲ್ಲ. ಬಾರದ ನೀರಿನ ಒಂದೊಂದು ತಿರುವನ್ನೂ ಕಣ್ಣು ಮುಚ್ಚಿ ಬರೆಯುವವನು, ನಾಲ್ಕು ವರ್ಷ ಹೆಂಡತಿಯಾಗಿದ್ದವಳ ಮೂಗು ಬರೆಯಲಾರದೆ ಜಗಲಿಯ ಮೇಲೆ ಕೂತಿದ್ದ.

ಕಣ್ಣಮ್ಮಾಳ್ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಬರುವ ಶುಕ್ರವಾರ ಅವಳ ತಂಗಿ ದೈವಾನೈಯ ಜೊತೆ ಅವನ ಮದುವೆ. ಸತ್ತ ಹಿರಿಯಳನ್ನು ಹೊರಗಿಟ್ಟು ಕಿರಿಯಳನ್ನು ಮನೆ ತುಂಬಿಸಿಕೊಳ್ಳುವ ಪದ್ಧತಿ ಅವರಲ್ಲಿ ಇಲ್ಲ. ಹಿರಿಯಳ ಮುಖ ಮೂಡಿಸಿದ ಚಿನ್ನದ ಬಿಲ್ಲೆಯೊಂದನ್ನು ಕಿರಿಯಳು ತಾಳಿಯ ಜೊತೆ ಕುತ್ತಿಗೆಗೆ ಹಾಕಿಕೊಳ್ಳಬೇಕು. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ಉಡಬೇಕು. ಇಲ್ಲದಿದ್ದರೆ ಸತ್ತವಳು ಸುಮ್ಮನಿರುವುದಿಲ್ಲ.

ಇದರಲ್ಲಿ ತೊಡಕೇನೂ ಇರಲಿಲ್ಲ. ಅಕ್ಕಸಾಲಿ ಚಿನ್ನತಂಬಿ ಆಚಾರಿಯ ಹತ್ತಿರ ಕಂಚಿನ ಅಚ್ಚು ಇತ್ತು: ಎರಡು ಕಣ್ಣು, ಒಂದು ಮೂಗು, ಹಣೆಗೊಂದು ಬೊಟ್ಟು. ಅವನಪ್ಪನ ಕಾಲದಿಂದ ತೇವಾರ ಊರಿನ ಸತ್ತ ಹೆಂಡಿರೆಲ್ಲ ಆ ಒಂದೇ ಮುಖದಲ್ಲಿ ಬಾಳುತ್ತಿದ್ದರು. ತೊಡಕು ಮಾಡಿಕೊಂಡವನು ಮೂಕಯ್ಯನೇ. ನಿಶ್ಚಯದ ದಿನ ಹತ್ತು ಜನರೆದುರು, "ಅಚ್ಚಿನ ಗೊಂಬೆ ಬೇಡ. ಅವಳ ಮುಖವೇ ಇರಲಿ. ನಾನು ಬರ್ದು ಕೊಡ್ತೀನಿ" ಅಂದುಬಿಟ್ಟಿದ್ದ.

ಯಾಕೆ ಅಂದ? ಮದುರೆಯಲ್ಲಿ ಮೆಟ್ರಿಕ್ ಓದಿದ್ದಕ್ಕೆ ಇರಬಹುದು. ಕೂತಿದ್ದವರು ಮಾತು ನಿಲ್ಲಿಸಿ ಇವನನ್ನು ನೋಡಿದರು. ಅತ್ತೆ ವೆಳ್ಳೈಯಮ್ಮಾಳ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಂಥ ಗಂಡ ಎಲ್ಲುಂಟು ಎಂದು ಊರು ಹೊಗಳಿತು. ಆ ಮಾತು ತನಗೂ ಹಿತವಾಗಿತ್ತು ಎಂಬುದು ಈಗ ನೆನಪಾಗಿ ಅವನ ಕಿವಿ ಬಿಸಿಯಾಯಿತು.

ಒಳಗೆ ಅವ್ವ ಬೀಸುಕಲ್ಲಿನ ಮುಂದೆ ಕೂತಿದ್ದಳು.

"ಅವ್ವಾ, ಅವಳ ಮೂಗು ಹೆಂಗಿತ್ತು?"

ಕಲ್ಲು ನಿಂತಿತು. "ಮೂಗು ಮೂಗಿನಂಗೇ ಇತ್ತು. ಯಾಕೆ, ನಿನಗೆ ಗೊತ್ತಿಲ್ವಾ?"

"ಗೊತ್ತು. ಸುಮ್ನೆ ಕೇಳ್ದೆ."

"ಲಕ್ಷ್ಮಿ ಇದ್ದಂಗಿದ್ದಳು, ಪುಣ್ಯಾತ್ಗಿತ್ತಿ."

ಕಲ್ಲು ಮತ್ತೆ ತಿರುಗಿತು. ಕಣ್ಣಮ್ಮಾಳ್ ಬದುಕಿದ್ದಾಗ ಅವ್ವ ಹಾಗೆ ಅಂದದ್ದನ್ನು ಅವನು ಕೇಳಿರಲಿಲ್ಲ.

ನೆನಪಿಗೆ ಬರುತ್ತಿದ್ದುದು ಬೇರೆ ಏನೇನೋ. ಒಲೆ ಊದುವಾಗ ಮೊಣಕೈಗೆ ಜಾರುತ್ತಿದ್ದ ಬಳೆ. ಒಡೆದ ಹಿಮ್ಮಡಿ. ಬಾವಿಯಲ್ಲಿ ಹಗ್ಗ ಸೇದುವಾಗ ಒಂದು, ಎರಡು ಎಂದು ಎಣಿಸುತ್ತಿದ್ದ ದನಿ. ಅವನು ವಾರಕ್ಕೊಮ್ಮೆ ಕಂಬಂನಿಂದ ಗಾಡಿಯಲ್ಲಿ ಬರುತ್ತಿದ್ದ, ಒಂದು ದಿನ ಇದ್ದು ಹೋಗುತ್ತಿದ್ದ. ಅವಳು ಅನ್ನ ಇಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ತಮಿಳು ಸೀಮೆಯಲ್ಲೂ ಅವರ ಜನ ಉಳಿಸಿಕೊಂಡು ಬಂದ ಮನೆಯ ಕನ್ನಡದಲ್ಲಿ ಹೊಲಕ್ಕೆ, ದನಕ್ಕೆ, ಬೈಗುಳಕ್ಕೆ ಬೇಕಾದಷ್ಟು ಮಾತಿತ್ತು. ಹೆಂಡತಿಯ ಹತ್ತಿರ ಆಡಲು ಮಾತು ಹುಡುಕಿದರೆ ಅವನ ಬಾಯಿಗೆ ಮದುರೆಯ ತಮಿಳು ಬರುತ್ತಿತ್ತು. ತಮಿಳಿನಲ್ಲಿ ಆಡಿದರೆ ಅವಳು ತಹಶೀಲ್ದಾರನ ಎದುರು ನಿಂತವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ಆಮೇಲೆ ಆಡುವುದನ್ನೇ ಬಿಟ್ಟ. ಮದುರೆಯಲ್ಲಿ ಫೋಟೋ ಹಿಡಿಯುವವರಿದ್ದರು. ಒಮ್ಮೆ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದ.

ಅವಳಿಗೆ ಜ್ವರ ಎಂದು ಆಳು ಬಂದು ಹೇಳಿದಾಗ ಹನ್ನೊಂದನೇ ಮೈಲಿಯ ತೂಬಿನ ನಕಾಶೆ ಅರ್ಧವಾಗಿತ್ತು. ಮುಗಿಸಿ ಹೋದ. ಎರಡು ದಿನ ತಡವಾಗಿ ಬಂದಾಗ ಅವಳನ್ನು ಅಂಗಳಕ್ಕೆ ತಂದು ಮಲಗಿಸಿದ್ದರು. "ಮುಖ ನೋಡ್ಕೋ ಮೂಕಯ್ಯಾ" ಎಂದು ಯಾರೋ ಬಟ್ಟೆ ಎತ್ತಿದರು. ಅವನು ನೋಡಿದ್ದ. ನೋಡಿದ್ದು ನೆನಪಿತ್ತು. ಏನು ನೋಡಿದ ಎಂಬುದು ನೆನಪಿರಲಿಲ್ಲ.

ಬಿಸಿಲು ಜಗಲಿಗೆ ಬಂತು. ಮೂಕಯ್ಯ ಹಳೆಯ ಕಾಗದವನ್ನು ಮಡಿಚಿ ಸೂರಿನ ಸಂದಿಗೆ ತುರುಕಿದ. ಹೊಸ ಹಾಳೆಯೊಂದನ್ನು ರಟ್ಟಿಗೆ ಸಿಕ್ಕಿಸಿಕೊಂಡು ಅತ್ತೆಯ ಮನೆಗೆ ಹೊರಟ. ಅವರನ್ನು ಕರೆದುಕೊಂಡು, ಚಿನ್ನ ತೆಗೆದುಕೊಂಡು ಆಚಾರಿಯ ಹತ್ತಿರ ಹೋಗುವುದೆಂದು ಮಾತಾಗಿತ್ತು. ದಾರಿಯಲ್ಲಿ ಬಂದ ಹೆಂಗಸರ ಮೂಗುಗಳನ್ನೆಲ್ಲ ನೋಡಿದ. ಒಬ್ಬಳು ಸೆರಗೆಳೆದುಕೊಂಡು ಏನೋ ಗೊಣಗಿದಳು. ಅವನು ಬೆಟ್ಟದ ಕಡೆ ಮುಖ ತಿರುಗಿಸಿ ನಡೆದ.

ಅತ್ತೆ ಒಳಗೆ ಪೆಟ್ಟಿಗೆ ತೆಗೆಯುತ್ತಿದ್ದಳು. ಅಂಗಳದಲ್ಲಿ ದೈವಾನೈ ಒಬ್ಬಳೇ ಸಜ್ಜೆ ಕೇರುತ್ತಿದ್ದಳು. ಅವನನ್ನು ನೋಡಿ ಎದ್ದಳು, ಆದರೆ ಮೊರ ಕೆಳಗಿಡಲಿಲ್ಲ.

"ಬನ್ನಿ ಮಾಮ. ಬರ್ದಾಯ್ತಾ?"

"ಹೆಚ್ಚುಕಮ್ಮಿ."

"ತೋರ್ಸಿ."

"ಇನ್ನೂ ಸ್ವಲ್ಪ ಇದೆ."

ಅವಳು ಹೊಟ್ಟು ಊದಿದಳು. ಹತ್ತೊಂಬತ್ತರ ಹುಡುಗಿ, ಮಾತಾಡುವಾಗ ತಲೆ ತಗ್ಗಿಸುವುದಿಲ್ಲ ಎಂಬುದೊಂದನ್ನು ಬಿಟ್ಟರೆ ಅವಳ ವಿಷಯ ಅವನಿಗೆ ಹೆಚ್ಚು ತಿಳಿಯದು. ಅಕ್ಕತಂಗಿಯರಲ್ಲವೇ, ಇವಳಲ್ಲಿ ಅವಳು ಎಲ್ಲಾದರೂ ಸಿಕ್ಕಾಳು ಎಂದು ಹುಡುಕಿದ. ಸ್ವಲ್ಪ ಮೊಂಡಾದ ಮೂಗು. ಬಿಗಿದ ತುಟಿ. ಅಗಲ ಹಣೆ.

"ಗಾಯ ಬರ್ದಿದೀರಾ?" ಅಂದಳು.

"ಯಾವ ಗಾಯ?"

ಮೊರ ನಿಂತಿತು. "ಎಡಗಣ್ಣಿನ ಕೆಳಗೆ. ಇಷ್ಟುದ್ದ." ಉಗುರಿನ ತುದಿ ತೋರಿಸಿದಳು. "ಚಿಕ್ಕವರಿದ್ದಾಗ ಸೌತೆಕಾಯಿಗೆ ಜಗಳ ಆಗಿ ನಾನು ಕುಡುಗೋಲು ಬೀಸಿದ್ದೆ. ಬಿದ್ದೆ ಅಂತ ಅಕ್ಕ ಅವ್ವನಿಗೆ ಸುಳ್ಳು ಹೇಳಿ ನನ್ನ ಉಳಿಸಿದಳು. ನಿಮಗೆ ಹೇಳಿಲ್ವಾ?"

"ಹೇಳಿದ್ದಳು. ಮರ್ತಿದ್ದೆ."

"ಹೇಳದಿದ್ರೂ ಕಾಣ್ತಿತ್ತಲ್ಲ."

"ಕಾಣ್ತಿತ್ತು."

ಅವಳು ಅವನನ್ನೇ ನೋಡಿದಳು. ಸಿಟ್ಟು ಇರಲಿಲ್ಲ, ತೂಕ ಎಷ್ಟು ಎಂದು ಕೈಯಲ್ಲಿ ಹಿಡಿದು ನೋಡುವವರ ನೋಟ. ಆಮೇಲೆ ಮೊರ ಆಡಿತು. ಗಾಯ ನಿಜವಾಗಿ ಇತ್ತೋ, ಇಲ್ಲ ಇವಳು ತನ್ನನ್ನು ಪರೀಕ್ಷೆ ಮಾಡಲು ಹುಟ್ಟಿಸಿದಳೋ? ಕೇಳಿ ತಿಳಿಯಬಹುದಾದ ಮಾತಲ್ಲ. ಕೇಳಿದರೆ ಗೊತ್ತಿಲ್ಲ ಎಂದು ಒಪ್ಪಿದಂತೆ.

ಆಚಾರಿಯ ಕೆಲಸದ ಕೊಟ್ಟಿಗೆ ಪಡುವಣಕ್ಕೆ ಬಾಗಿಲಿದ್ದ ತಗ್ಗು ಮಾಡು. ಮೂವರೂ ಬಗ್ಗಿ ಒಳಗೆ ಹೋದರು. ಅತ್ತೆ ಮಡಿಲಿಂದ ಗಂಟು ಬಿಚ್ಚಿ ಮಗಳ ಓಲೆಗಳನ್ನು ತೆಗೆದಳು. ಒಂದನ್ನು ಕೊಟ್ಟಳು. ಇನ್ನೊಂದು ಅವಳ ಮುಷ್ಟಿಯಲ್ಲೇ ಉಳಿಯಿತು.

"ಅಮ್ಮಾ, ಅದೂ ಬೇಕು," ಎಂದ ಆಚಾರಿ ತಮಿಳಿನಲ್ಲಿ.

"ಅವಳಿಗೆ ಕಿವಿ ಚುಚ್ಚಿದ ದಿನ ಮಾಡ್ಸಿದ್ದು. ಅವತ್ತು ಅವಳು ಅತ್ತಿದ್ದು ಇನ್ನೂ ಕಿವೀಲಿದೆ."

"ಕರಗಿದರೂ ಅದೇ ಚಿನ್ನ ಅಮ್ಮಾ. ಎಲ್ಲಿಗೂ ಹೋಗಲ್ಲ."

ಮುಷ್ಟಿ ಬಿಚ್ಚಿತು. ಆಚಾರಿ ಎರಡನ್ನೂ ಮೂಸೆಗೆ ಹಾಕಿ ಕೊಳವೆ ಊದಿದ. ಕೆಂಡ ಉಸಿರಾಡಿತು. ಓಲೆಗಳು ಮೊದಲು ಒಂದರ ಮೇಲೊಂದು ಒರಗಿದವು, ಆಮೇಲೆ ಯಾವುದು ಯಾವುದೆಂದು ತಿಳಿಯದೆ ಒಂದೇ ಹನಿಯಾದವು. ವೆಳ್ಳೈಯಮ್ಮಾಳ್ ಸದ್ದಿಲ್ಲದೆ ಅತ್ತಳು. ಮೂಕಯ್ಯನಿಗೆ ಮೂಸೆಯ ಬಾಯಿಯ ಅಳತೆ ಎಷ್ಟಿರಬಹುದು ಎಂಬ ಯೋಚನೆ ಬಂತು. ಮುಕ್ಕಾಲು ಅಂಗುಲ. ಅಳುವುದಕ್ಕೆ ಪ್ರಯತ್ನ ಮಾಡಿದ. ಹೊಗೆಗೆ ಕಣ್ಣು ಉರಿಯಿತು, ಅಷ್ಟೇ.

"ಬರ್ದದ್ದು ಕೊಡಿ ಅಯ್ಯಾ."

"ಒಂದು ನಿಮಿಷ. ಕಣ್ಣು ತಿದ್ದಬೇಕು."

ಹೊರಗೆ ಬಂದು ಕಲ್ಲಿನ ಮೇಲೆ ಕೂತು ಖಾಲಿ ಹಾಳೆಯ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡ. ಒಳಗಿನಿಂದ ತಗಡು ಬಡಿಯುವ ಸದ್ದು ಶುರುವಾಯಿತು. ತಗಡು ತಣಿಯುವಷ್ಟರಲ್ಲಿ ಒಂದು ಮುಖ ಬೇಕು. ಅವನು ಯೋಚನೆ ಬಿಟ್ಟ. ಕೈಯನ್ನು ಅದರ ಪಾಡಿಗೆ ಬಿಟ್ಟ. ಬೆಳಗಿನಿಂದ ಬಾರದ ಗೆರೆ ಒಮ್ಮೆಗೇ ಬಂತು. ಹಣೆ, ಹುಬ್ಬು, ಮೂಗು, ತುಟಿ. ಎಲ್ಲೂ ಉಜ್ಜಬೇಕಾಗಲಿಲ್ಲ. ಕೊನೆಗೆ ಎಡಗಣ್ಣಿನ ಕೆಳಗೆ ಉಗುರಿನಷ್ಟು ಒಂದು ಗೀಟು. ಕಚೇರಿಯಲ್ಲಿ ಕೆಲಸ ಮುಗಿದಾಗ ಆಗುವಂಥ ಸಮಾಧಾನ ಆಯಿತು. ಅದು ಸಮಾಧಾನ ಪಡುವ ಹೊತ್ತಲ್ಲ ಎಂದು ಆಮೇಲೆ ಹೊಳೆಯಿತು.

ವೆಳ್ಳೈಯಮ್ಮಾಳ್ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇವಳೇ. ನನ್ನ ಮಗಳೇ." ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡಳು. "ಮಾಪ್ಳೆ, ನಾನು ಹೆತ್ತೆ, ನೀವು ಮತ್ತೆ ತಂದು ಕೊಟ್ರಿ." ಆಮೇಲೆ ದೂರ ಹಿಡಿದು ನೋಡಿದಳು. "ಇದೇನು ಗೀಟು?"

"ಗಾಯ."

"ಯಾವ ಗಾಯ? ಅವಳ ಮುಖದಲ್ಲಿ ಗಾಯ ಎಲ್ಲಿತ್ತು?"

"ಇತ್ತವ್ವ," ಎಂದಳು ದೈವಾನೈ.

"ಹೆತ್ತವಳು ನಾನು ಕಣೇ. ನೀರೆರೆದವಳು ನಾನು. ಮುತ್ತಿನಂಥ ಮುಖ."

"ನಿನಗೆ ನೆನಪಿಲ್ಲ ಅಂದ್ರೆ ಇರ್ಲಿಲ್ಲ ಅಂತಲ್ಲ."

ಆಚಾರಿ ಉಳಿ ಹಿಡಿದು ಕಾಯುತ್ತಿದ್ದ. ತಾಯಿ ಮಗಳು ಇಬ್ಬರೂ ಮೂಕಯ್ಯನ ಕಡೆ ತಿರುಗಿದರು.

"ನೀವು ಹೇಳಿ ಮಾಪ್ಳೆ. ಜೊತೇಲಿ ಬಾಳಿದವರು ನೀವು."

ಮೂಕಯ್ಯ ಉಳಿಯ ತುದಿಯನ್ನು ನೋಡಿದ. ಹೌದು ಅಂದರೂ ಇಲ್ಲ ಅಂದರೂ ಒಂದೇ ಉಸಿರಿನ ಕೆಲಸ. ಅದರಲ್ಲೊಂದು ನಿಜವೂ ಆಗುತ್ತಿತ್ತು.

"ಆಚಾರಿಗೆ ಯಾವುದು ಸುಲಭವೋ ಹಂಗೆ ಮಾಡ್ಲಿ," ಎಂದ.

ಆಚಾರಿ ನಕ್ಕ. "ನನಗೆ ಯಾವುದೂ ಕಷ್ಟ ಇಲ್ಲ ಅಯ್ಯಾ. ಕಾಗದದಲ್ಲಿ ಇರೋದು ಬಿಲ್ಲೇಲಿ ಇರುತ್ತೆ."

ವೆಳ್ಳೈಯಮ್ಮಾಳ್ ಹಾಳೆಯನ್ನು ಕೊಟ್ಟು ಗೋಡೆಗೆ ಒರಗಿ ಕೂತಳು. ಮಗಳ ಮುಖವನ್ನು ಮೊದಲಿಂದ ಒಂದೊಂದಾಗಿ ನೆನೆಸಿಕೊಳ್ಳುವವಳ ಹಾಗೆ ಅವಳ ತುಟಿ ಅಲುಗುತ್ತಿತ್ತು.

ಆಚಾರಿ ತಗಡನ್ನು ಅರಗಿನ ಮೇಲೆ ಕೂರಿಸಿ ಉಳಿಗೆ ಸಣ್ಣ ಏಟು ಹಾಕತೊಡಗಿದ. ಮೂಕಯ್ಯ ಹೊರಗೆ ಬೇವಿನ ನೆರಳಿಗೆ ಬಂದ. ಸ್ವಲ್ಪ ಹೊತ್ತಿಗೆ ದೈವಾನೈಯೂ ಬಂದು ಒಂದು ಮಾರು ದೂರದಲ್ಲಿ ನಿಂತಳು.

"ಮಾಮ, ಅದು ನಾನು."

"ಯಾವುದು?"

"ನೀವು ಬರ್ದದ್ದು. ನನ್ನ ಮುಖ. ಅದಕ್ಕೆ ಅವಳ ಗಾಯ ಅಂಟ್ಸಿದೀರಿ."

ಅವನ ಕೈ ಜೇಬಿನಲ್ಲಿ ರಬ್ಬರನ್ನು ಹುಡುಕಿ ಹಿಡಿದುಕೊಂಡಿತು.

"ಅಕ್ಕತಂಗೀರು. ಒಂದೇ ತರ ಇದ್ರಿ."

"ಯಾವತ್ತೂ ಇರ್ಲಿಲ್ಲ." ಅವಳ ದನಿ ಏರಲಿಲ್ಲ. "ಅವಳದು ಉದ್ದ ಮುಖ. ನಕ್ಕರೆ ಒಂದೇ ಕಡೆ ನಗೋಳು. ನೀವು ಬರೋ ದಿನ ಬೆಳಗಿನಿಂದ ನಗ್ತಿದ್ದಳು."

ಅವನು ಏನಾದರೂ ಹೇಳಬೇಕಿತ್ತು. ಮದುವೆ ನಿಲ್ಲಿಸೋಣವೇ ಎಂದು ಕೇಳಬೇಕಿತ್ತೇನೋ. ಮಾತು ಗಂಟಲಿಗೆ ಬರುವಷ್ಟರಲ್ಲಿ ಅದು ತಮಿಳೋ ಕನ್ನಡವೋ ತಿಳಿಯದೆ ಅಲ್ಲೇ ನಿಂತಿತು.

"ಆಚಾರಿಗೆ ಹೇಳಿ ನಿಲ್ಸಲಾ?" ಎಂದ ಕೊನೆಗೆ.

"ನಿಲ್ಸಿ ಏನು ಬರೀತೀರಿ?"

ಅವಳು ಒಳಗೆ ಹೋದಳು.

ಬಿಲ್ಲೆ ಮುಗಿದಾಗ ಬಿಸಿಲು ಇಳಿದು ಬಾಗಿಲ ಮಟ್ಟಕ್ಕೆ ಬಂದಿತ್ತು. ಆಚಾರಿ ಅದನ್ನು ಅಂಟುವಾಳದ ನೀರಿನಲ್ಲಿ ಉಜ್ಜಿ, ಕೊಂಡಿಗೆ ಅರಿಸಿನದ ದಾರ ಪೋಣಿಸಿ ಎತ್ತಿ ಹಿಡಿದ. ಬೆರಳ ತುದಿಯಷ್ಟು ಮುಖ. ಕಣ್ಣಿನ ಕೆಳಗೆ ಗೀಟೂ ಇತ್ತು. ವೆಳ್ಳೈಯಮ್ಮಾಳ್ ಬಗ್ಗಿ ಬಹಳ ಹೊತ್ತು ನೋಡಿದಳು.

"ಇತ್ತೋ ಏನೋ," ಎಂದಳು. "ಇದ್ದರೂ ಇರಬಹುದು."

"ದಾರದ ಉದ್ದ ನೋಡಬೇಕಿತ್ತು," ಎಂದ ಆಚಾರಿ.

"ಶುಕ್ರವಾರದವರೆಗೆ ಇವಳು ಮುಟ್ಟಬಾರದು. ಪೂಜೆ ಆಗಿಲ್ಲ," ಎಂದಳು ವೆಳ್ಳೈಯಮ್ಮಾಳ್.

ದೈವಾನೈ ಕೈ ಚಾಚಿ ಆಚಾರಿಯ ಬೆರಳಿಂದ ದಾರ ಬಿಡಿಸಿಕೊಂಡಳು. ತಾಯಿ "ಏಯ್" ಅನ್ನುವುದರೊಳಗೆ ಅದನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡಿದ್ದಳು. ಬಿಲ್ಲೆ ಎದೆಯ ಮೇಲೆ ಒಂದು ಸುತ್ತು ಸುತ್ತಿ, ಮುಖ ಒಳಗೆ ಮಾಡಿ ನಿಂತಿತು.

ವೆಳ್ಳೈಯಮ್ಮಾಳ್ ಅದನ್ನು ಹೊರಗೆ ತಿರುಗಿಸಿದಳು. ಬಿಟ್ಟ ಕೂಡಲೆ ಅದು ಮತ್ತೆ ಒಳಕ್ಕೆ ಹೊರಳಿತು. ಇನ್ನೊಮ್ಮೆ ತಿರುಗಿಸಿದಳು. ಮತ್ತೆ ಹೊರಳಿತು.

"ಕೊಂಡಿ ಕೂದಲೆಳೆ ಓರೆಯಾಗಿದೆ," ಎಂದ ಆಚಾರಿ. "ಕೊಡಿ, ಬಿಸಿ ಮಾಡಿ ತಿರುಗಿಸ್ತೀನಿ."

"ಬೇಡ," ಎಂದಳು ದೈವಾನೈ. "ಹಿಂಗೇ ಇರ್ಲಿ."

ಅವಳು ಬಾಗಿಲಿಗೆ ಎದುರಾಗಿ ನಿಂತಿದ್ದಳು. ಪಡುವಣದ ಬಿಸಿಲು ಬಿಲ್ಲೆಯ ಬೋಳು ಬೆನ್ನಿಗೆ ತಾಗಿ, ಕಾಸಿನಷ್ಟಗಲದ ಬೆಳಕೊಂದು ಹೊಸ್ತಿಲ ಬದಿಯಲ್ಲಿ ನಿಂತಿದ್ದ ಮೂಕಯ್ಯನ ಬಿಳಿ ಅಂಗಿಯ ಮೇಲೆ ಬಿತ್ತು. ಅವಳು ಉಸಿರೆಳೆದಾಗ ಅದು ಮೇಲೇರಿತು, ಬಿಟ್ಟಾಗ ಇಳಿಯಿತು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅವಳು ಅವನ ಕಡೆ ತಿರುಗಿದಳು. ಬೆಳಕು ಕುತ್ತಿಗೆ ಹತ್ತಿ, ಗದ್ದ ಹತ್ತಿ, ಅವನ ಕಣ್ಣಿನಲ್ಲಿ ನಿಂತಿತು. ಆ ಉರಿಯ ಹಿಂದೆ ಯಾರೋ ನಿಂತಿದ್ದಾರೆ ಎಂಬುದಷ್ಟೇ ತಿಳಿಯುತ್ತಿತ್ತು. ಅವನು ಕಣ್ಣು ಮುಚ್ಚಲಿಲ್ಲ; ನೀರು ಸುರಿಯುತ್ತಿದ್ದರೂ ನೋಡುತ್ತಲೇ ಇದ್ದ.